ಮನೆ ಹಾರುವ ಆಟ

‘ಅಟ್ಟಕ್ಕೆ ಹಾರದವಳು ಬೆಟ್ಟಕ್ಕೆ ಹಾರಿಯಾಳೆ?’ ಎಂಬ ಗಾದೆಯನ್ನು ಕೇಳಿಸಿಕೊಳ್ಳದೆ ಬೆಳೆದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಸಿಕ್ಕುವುದು ಕಷ್ಟ. ಗಾದೆಯಲ್ಲಿ ಹಾರುವ ಮಾತಿದ್ದರೂ ಹೇಳುವವರ ಮನಸ್ಸಿನಲ್ಲಿರುವುದು ಸರದಿಯ ಮಾತು. ಮೊದಲು ಅಟ್ಟ, ಆಮೇಲೆ ಬೆಟ್ಟ. ಮೊದಲು ಕಸ ಗುಡಿಸು, ಆಮೇಲೆ ರಂಗೋಲಿ ಇಡು. ಮೊದಲು ಅಕ್ಕನ ಮದುವೆಯಾಗಲಿ, ಆಮೇಲೆ ತಂಗಿಯ ಓದಿನ ಮಾತು. ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದರಿಂದ, ಕಸಕ್ಕೂ ರಂಗೋಲಿಗೂ ಇರುವ ನಂಟು ಅಕ್ಕನ ಮದುವೆಗೂ ತಂಗಿಯ ಓದಿಗೂ ಇದೆಯೇ ಎಂದು ನಿಂತು ನೋಡುವವರು ಕಡಿಮೆ.

ನಾನು ಈ ಸರದಿಯ ಬಗ್ಗೆ ಯೋಚಿಸತೊಡಗಿದ್ದು ಮಕ್ಕಳ ವಿಡಿಯೋ ಗೇಮಿನ ದೆಸೆಯಿಂದ ಎಂದರೆ ನೀವು ನಗಬಹುದು. ಆ ಆಟಗಳಲ್ಲಿ ಎಲ್ಲಕ್ಕೂ ಒಂದು ಕ್ರಮವಿರುತ್ತದೆ. ಮೊದಲು ಈ ಗುಹೆ, ಅಲ್ಲಿ ಒಂದು ಆಯುಧ. ಆ ಆಯುಧವಿದ್ದರೆ ಮಾತ್ರ ಮುಂದಿನ ಬಾಗಿಲು. ಅದರಾಚೆ ಒಬ್ಬ ರಾಕ್ಷಸ. ಅವನನ್ನು ಗೆದ್ದರೆ ಇನ್ನೊಂದು ಶಕ್ತಿ. ಆಟ ಕಟ್ಟಿದವರು ಹಾಕಿದ ಈ ದಾರಿಯನ್ನು ಬಿಟ್ಟು, ಹತ್ತನೆಯದನ್ನು ಮೂರನೆಯದಕ್ಕಿಂತ ಮೊದಲೇ ಮುಗಿಸಿ, ನಡುವಿನದನ್ನು ಮುಟ್ಟದೆಯೇ ಕೊನೆ ತಲುಪುವ ಆಟಗಾರರಿದ್ದಾರೆ. ಇದಕ್ಕೆ ‘ಸೀಕ್ವೆನ್ಸ್ ಬ್ರೇಕಿಂಗ್’ ಎಂದು ಹೆಸರು. ಸರದಿ ಮುರಿಯುವುದು ಎಂದು ನಾವು ಹೇಳಿಕೊಳ್ಳೋಣ. ಇದಕ್ಕೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯುತ್ತ ಹೋದಷ್ಟೂ ನನಗೆ ನಮ್ಮ ಜಗಲಿಯ ಆಟಗಳೇ ಕಣ್ಣ ಮುಂದೆ ಬಂದವು.

ನನ್ನ ತಾಯಿಯ ತವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ‘ಹಾರನಹಳ್ಳಿಯವರು ಹಾರದೆ ಇರ್ತಾರಾ’ ಎಂದು ಸುತ್ತಲ ಊರಿನ ಮಕ್ಕಳು ರೇಗಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವು ಹಾರುತ್ತಿದ್ದದ್ದೂ ನಿಜ, ಕುಂಟೆಬಿಲ್ಲೆಯ ಮನೆಗಳಲ್ಲಿ. ಒಡೆದ ಹೆಂಚಿನ ಚೂರೇ ಬಿಲ್ಲೆ. ಒಂದನೆಯ ಮನೆಗೆ ಎಸೆದು ಕುಂಟಿ ಬಂದ ಮೇಲೆಯೇ ಎರಡನೆಯದು. ನಾಲ್ಕನೆಯದರಲ್ಲಿ ಗೀಟು ತುಳಿದರೆ ಸರದಿ ಎದುರಾಳಿಗೆ. ಎಂಟೂ ಮನೆ ಮುಗಿಸಿದವಳು ಬೆನ್ನು ತಿರುಗಿಸಿ ತಲೆಯ ಮೇಲಿಂದ ಬಿಲ್ಲೆ ಎಸೆಯುತ್ತಿದ್ದಳು. ಅದು ಬಿದ್ದ ಮನೆ ಅವಳದು. ಅಲ್ಲಿ ಅವಳು ಎರಡೂ ಕಾಲೂರಿ ನಿಲ್ಲಬಹುದು, ಉಳಿದವರು ಅದನ್ನು ಹಾರಿಕೊಂಡೇ ಹೋಗಬೇಕು. ನಮ್ಮಲ್ಲಿ ಅನೇಕರಿಗೆ ನಮ್ಮ ಹೆಸರಿನಲ್ಲಿ ಸಿಕ್ಕ ಮೊದಲ ಮನೆ ಅದೇ ಎಂದು ಈಗ ನೆನೆದರೆ ನಗು ಬರುತ್ತದೆ.

ದೊಡ್ಡವರದು ಚೌಕಾಬಾರ. ಐದೈದು ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಕಾಯಿಗಳು ಹೊರಸುತ್ತು ಮುಗಿಸಿ ಒಳಸುತ್ತಿಗೆ ತಿರುಗಿ ನಡುಮನೆಗೆ ಹೋಗಿ ಹಣ್ಣಾಗಬೇಕು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ಕಡಿಯುವವರೆಗೆ ಹೊರಗೇ ಸುತ್ತುತ್ತಿರಬೇಕು. ವಿಡಿಯೋ ಗೇಮಿನ ಬಾಗಿಲೂ ಹೀಗೆಯೇ, ಬೇಕಾದ ಆಯುಧ ಕೈಗೆ ಬಾರದೆ ತೆರೆಯದು. ನನ್ನ ಚಿಕ್ಕಮ್ಮ ಈ ಆಟದಲ್ಲಿ ಗಟ್ಟಿಗಿತ್ತಿ. ಕವಡೆ ಉರುಳುವ ಮೊದಲೇ ಯಾವ ಸಂಖ್ಯೆಗೆ ಯಾವ ಕಾಯಿ ನಡೆಸಬೇಕೆಂದು ಅವರ ಕಣ್ಣು ಲೆಕ್ಕ ಹಾಕಿರುತ್ತಿತ್ತು.

ಆಟದ ಹೊರಗೂ ಆ ಊರಿನಲ್ಲಿ ಸರದಿಯಿತ್ತು. ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬೇಸಾಯ ನೋಡಿದವರಿಗೆ ಗೊತ್ತು, ಗಿಡದ ಎಲೆಗಳೆಲ್ಲ ಒಟ್ಟಿಗೆ ಬಲಿಯುವುದಿಲ್ಲ. ಬುಡದ ಎಲೆ ಮೊದಲು. ಎರಡು ಮೂರು ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಬೇಯಿಸಿದ ಮೇಲೆ, ಕೆಲವು ದಿನ ಬಿಟ್ಟು ಅದರ ಮೇಲಿನವು. ಅವಸರವೆಂದು ತುದಿಯ ಎಲೆಗೆ ಮೊದಲು ಕೈಹಾಕಿದರೆ ಎಲೆಯೂ ಇಲ್ಲ, ಬೆಲೆಯೂ ಇಲ್ಲ. ಈ ಸರದಿ ಗಿಡದ್ದು. ಚೌಕಾಬಾರದ ಸರದಿ ಗೀಟು ಎಳೆದವರದು. ಎರಡೂ ಸರದಿಯೇ, ಎರಡನ್ನೂ ನಾವು ‘ಕ್ರಮ’ ಎಂದೇ ಕರೆಯುತ್ತೇವೆ. ಆದರೆ ಒಂದನ್ನು ಮುರಿದರೆ ಬೆಳೆ ಹಾಳು, ಇನ್ನೊಂದನ್ನು ಮುರಿದರೆ ಪಕ್ಕದಲ್ಲಿ ಕೂತವರ ಕೂಗಾಟ, ಅಷ್ಟೆ. ಮುಂದೆ ನಾನು ಹೇಳುವುದಕ್ಕೆಲ್ಲ ಈ ವ್ಯತ್ಯಾಸವೇ ತಳಹದಿ.

ಗೀಟು ಎಳೆದವರ ಮಾತು ಬಂದಾಗ ಮೈಸೂರಿನವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯದೆ ಇರುವಂತಿಲ್ಲ. 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು ಅವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಗ್ರಂಥ, ಚಿತ್ರ, ಸಂಗೀತಗಳ ಜೊತೆ ಅರಸರ ಮನಸ್ಸು ಹೊಕ್ಕದ್ದು ಆಟಗಳನ್ನು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರು ಆಟದ ಪಟಗಳನ್ನೇ ಬರೆಸಿದರು. ನಾಡು ಕೈಯಲ್ಲಿಲ್ಲದ ಅರಸ ಪಟದ ಮನೆಗಳಿಗೆ ಕಟ್ಟಳೆ ಹಾಕುತ್ತ ಕೂತದ್ದನ್ನು ನೆನೆದರೆ ನನಗೆ ಮನಸ್ಸು ಒಂದಿಷ್ಟು ಭಾರವಾಗುತ್ತದೆ.

ಅವರಿಗೆ ಬಲು ಪ್ರಿಯವಾದದ್ದು ಚದುರಂಗದ ಕುದುರೆಯ ನಡೆ. 64 ಮನೆಗಳಲ್ಲಿ ಒಂದನ್ನೂ ಬಿಡದೆ, ಒಂದಕ್ಕೂ ಎರಡು ಸಲ ಹೋಗದೆ ಕುದುರೆಯನ್ನು ನಡೆಸುವುದು. ಸಂಸ್ಕೃತದ ಆಲಂಕಾರಿಕ ರುದ್ರಟ ಒಂಬತ್ತನೆಯ ಶತಮಾನದಲ್ಲೇ ಈ ನಡೆಯನ್ನು ಪದ್ಯದ ಬಂಧವಾಗಿಸಿದ್ದ. ಇಲ್ಲಿನ ಸೊಗಸು ನೋಡಿ: ಪಟದಲ್ಲಿ ಉಳಿದ ಕಾಯಿಗಳನ್ನು ಹಾರಿ ಹೋಗುವ ಹಕ್ಕಿರುವುದು ಕುದುರೆಯೊಂದಕ್ಕೇ. ಆದರೂ ಒಂದೇ ಒಂದು ಮನೆಯನ್ನೂ ಬಿಡದೆ ಸುತ್ತಿ ಬರುವ ಕೆಲಸ ಅದಕ್ಕೇ ಬಿದ್ದಿದೆ. ಹಾರುವವರು ಏನನ್ನೂ ನೋಡದೆ ಓಡುವವರು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನು ಪರಮಪದ ಸೋಪಾನ ಪಟ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಿದ್ದೆ ಬಾರದಿರಲೆಂದು ಹಾಸಿಕೊಂಡು ಕೂರುತ್ತಿದ್ದ ಹಾವು ಏಣಿಯ ಪಟ ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದೀತು. ಇಂಥ ಪಟಗಳಲ್ಲಿ ಬಗೆಗಳು ಹಲವು. 72 ಮನೆಗಳ ಒಂದು ಬಗೆಯಲ್ಲಿ 37ನೆಯ ಮನೆ ಜ್ಞಾನದ್ದು. ಅಲ್ಲಿಂದ ಏಣಿ ಏರಿದರೆ 66ಕ್ಕೆ ಹೋಗುತ್ತೀರಿ, ಗುರಿ ಇನ್ನೂ ಎರಡು ಮನೆ ದೂರ. 54ನೆಯದು ಭಕ್ತಿಯ ಮನೆ. ಅಲ್ಲಿನ ಏಣಿ ನೇರವಾಗಿ 68ಕ್ಕೆ, ಎಂದರೆ ಗುರಿಗೇ ಮುಟ್ಟಿಸುತ್ತದೆ. ಅದರ ಪಕ್ಕದ 55ನೆಯ ಮನೆಯಲ್ಲಿ ಅಹಂಕಾರದ ಹಾವು ಬಾಯಿ ತೆರೆದು ಕೂತಿದೆ. ಕಚ್ಚಿಸಿಕೊಂಡರೆ ಇಳಿಯುವುದು 3ಕ್ಕೆ. ಭಕ್ತಿಗೂ ಅಹಂಕಾರಕ್ಕೂ ನಡುವೆ ಒಂದೇ ಗೀಟು ಎಳೆದವರು ಮನುಷ್ಯರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಈ ಏಣಿಯೂ ಮನೆ ಹಾರಿಸುವುದೇ. ಆದರೆ ಏಣಿ ಸಿಕ್ಕುವುದು ದಾಳ ಕೊಟ್ಟರೆ. ಆಡುವವಳು ಎಷ್ಟೇ ಜಾಣೆಯಾಗಿರಲಿ, ಎಷ್ಟು ವರ್ಷ ಆಡಿರಲಿ, ಏಣಿಯ ಬುಡಕ್ಕೆ ತಾನಾಗಿ ನಡೆದು ಹೋಗಲಾರಳು. ಪಟ ಬರೆದವರು ಏಣಿ ಇಟ್ಟಿರಬೇಕು, ಅದೃಷ್ಟ ಅಲ್ಲಿಗೆ ಕರೆದೊಯ್ಯಬೇಕು. ಹೆಣ್ಣುಮಕ್ಕಳ ಬಾಳಿನಲ್ಲೂ ಮೇಲೇರಿದವರ ಕಥೆಗಳನ್ನು ನಮಗೆ ಹೀಗೆಯೇ ಹೇಳುತ್ತ ಬಂದಿದ್ದಾರೆ: ‘ಅವಳ ಪುಣ್ಯ, ಒಳ್ಳೆ ಮನೆ ಸಿಕ್ತು.’ ಏರಿದ್ದು ಅವಳಾದರೂ ಹೊಗಳಿಕೆ ಏಣಿಗೆ.

1890ರ ದಶಕದಲ್ಲಿ ಈ ಆಟ ಇಂಗ್ಲೆಂಡಿನ ಅಂಗಡಿಗಳಿಗೆ ಬಂತು. ಅಲ್ಲಿ ಭಕ್ತಿ, ಜ್ಞಾನಗಳ ಜಾಗದಲ್ಲಿ ಮಿತವ್ಯಯ, ಪಶ್ಚಾತ್ತಾಪ, ದುಡಿಮೆ ಕೂತವು. ಅಮೆರಿಕದಲ್ಲಿ 1943ರಲ್ಲಿ ಹಾವುಗಳೂ ಮಾಯವಾಗಿ ಮಕ್ಕಳ ಪಾರ್ಕಿನ ಜಾರುಬಂಡೆಗಳಾದವು. ವೈಕುಂಠ ಹೋಯಿತು, ಹಾವು ಹೋಯಿತು. ಸಂಖ್ಯೆಯ ಸರದಿಯೂ ಅದನ್ನು ಹಾರಿಸುವ ಏಣಿಯೂ ಮಾತ್ರ ಉಳಿದುಕೊಂಡವು.

ಈಗ ಟೀವಿಗೆ ತಂತಿ ಸಿಕ್ಕಿಸಿ ಆಡುವ ಆಟಕ್ಕೆ ಬರೋಣ. ಜಪಾನಿನ ನಿಂಟೆಂಡೋ ಸಂಸ್ಥೆ 1985ರಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟ ತಂದಿತು. ಮೀಸೆಯ ಮಾರಿಯೋ ಹುಣಸೂರಿನಂಥ ಊರುಗಳಿಗೂ 1990ರ ದಶಕದಲ್ಲಿ ಅಗ್ಗದ ಪೆಟ್ಟಿಗೆಗಳಲ್ಲಿ ಬಂದ. ಮಕ್ಕಳು ‘ಕ್ಯಾಸೆಟ್’ ಎಂದು ಬದಲಾಯಿಸಿಕೊಳ್ಳುತ್ತಿದ್ದದ್ದು ಇದೇ ಆಟಗಳನ್ನು. ಇದರಲ್ಲಿ ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಘಟ್ಟ, ಒಟ್ಟು 32. ಆದರೆ ಎರಡನೆಯ ಘಟ್ಟದ ನೆಲಮಾಳಿಗೆಯಲ್ಲಿ ಚಾವಣಿಯ ಮೇಲೆ ಹತ್ತಿ ಓಡಿದರೆ ಮೂರು ಕೊಳವೆಗಳು ಸಿಕ್ಕುತ್ತವೆ. ಒಂದು ನೇರವಾಗಿ ನಾಲ್ಕನೆಯ ಲೋಕಕ್ಕೆ ಒಯ್ಯುತ್ತದೆ. ಅಲ್ಲಿ ಒಂದು ಅಡಗಿದ ಬಳ್ಳಿ ಹಿಡಿದು ಏರಿದರೆ ಎಂಟನೆಯ ಲೋಕಕ್ಕೇ ದಾರಿ. 32 ಘಟ್ಟಗಳ ಆಟ ಎಂಟು ಘಟ್ಟಗಳಲ್ಲಿ ಮುಗಿಯುತ್ತದೆ.

ಈ ಕೊಳವೆಗಳು ಪರಮಪದದ ಏಣಿಯ ಬಂಧುಗಳು, ಆಟ ಕಟ್ಟಿದವರೇ ಇಟ್ಟವು. ಒಂದೇ ಹೊಸತೆಂದರೆ ದಾಳದ ಹಂಗಿಲ್ಲ. ಎಲ್ಲಿದೆಯೆಂದು ತಿಳಿದವರು ನಡೆದುಹೋಗಿ ಹತ್ತಬಹುದು. ಆದರೆ ಅದೇ ನೆಲಮಾಳಿಗೆಯ ಕೊನೆಯಲ್ಲಿ ಆಟಗಾರರು ಇನ್ನೊಂದನ್ನು ಕಂಡುಕೊಂಡರು. ಗೋಡೆಯ ಒಂದು ಮೂಲೆಗೆ ಸರಿಯಾದ ಭಂಗಿಯಲ್ಲಿ ಹಾರಿದರೆ ಮಾರಿಯೋ ಇಟ್ಟಿಗೆಯೊಳಗೇ ತೂರಿ ಆಚೆ ಹೋಗುತ್ತಾನೆ. ಅಲ್ಲಿನ ಕೊಳವೆಗೆ ಇಳಿದರೆ ಸಿಕ್ಕುವುದು ‘ಮೈನಸ್ ಒಂದು’ ಎಂದು ತೋರುವ ನೀರಿನ ಲೋಕ. ಎಷ್ಟು ಈಜಿದರೂ ಅದು ಮುಗಿಯುವುದಿಲ್ಲ, ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ. ಹಾರಿದ್ದೆಲ್ಲ ಮುಂದೆ ಹೋದಂತಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸರದಿ ಮುರಿಯುವ ಕಲೆ ನಿಜವಾಗಿ ಬೆಳೆದದ್ದು ‘ಮೆಟ್ರಾಯ್ಡ್’ ಎಂಬ ಆಟಮಾಲೆಯಲ್ಲಿ. ಮೊದಲನೆಯದು 1986ರಲ್ಲಿ ಬಂತು. ಅನ್ಯಗ್ರಹದ ಗುಹೆಗಳಲ್ಲಿ ಮೈತುಂಬ ಕವಚ ತೊಟ್ಟು ಒಂಟಿಯಾಗಿ ಅಲೆಯುವ ಯೋಧ, ಹೆಸರು ಸೇಮಸ್. ಆಡುವವರು ಗಂಡೆಂದೇ ತಿಳಿದಿರುತ್ತಾರೆ. ಆಟವನ್ನು ಐದು ಗಂಟೆಯೊಳಗೆ ಮುಗಿಸಿದರೆ ಮಾತ್ರ ಕೊನೆಯಲ್ಲಿ ಶಿರಸ್ತ್ರಾಣ ತೆಗೆಯುತ್ತಾಳೆ, ಹೆಣ್ಣು! ಇನ್ನೂ ಬೇಗ ಮುಗಿಸಿದವರಿಗೆ ಕವಚವನ್ನೂ ಕಳಚಿ ತೋರಿಸುತ್ತಾರೆ. ಹೆಣ್ಣು ಇಷ್ಟೆಲ್ಲ ಕಾದಾಡಿದ ಮೇಲೂ ಅವಳ ಮೈಯನ್ನೇ ಬಹುಮಾನದಂತೆ ಮುಂದಿಟ್ಟರಲ್ಲ ಎಂದು ನನಗೆ ರೇಗಿತು. ಆದರೂ ಇಷ್ಟು ಮಾತು ನಿಜ: ತಡವಾಗಿ ಬಂದವರು ಅವಳು ಯಾರೆಂದು ತಿಳಿಯದೆಯೇ ಆಟ ಮುಗಿಸಿದರು, ದಾರಿ ಉಳಿಸಿ ಬೇಗ ಬಂದವರಿಗೆ ಅವಳ ಮುಖ ಕಂಡಿತು.

1994ರ ‘ಸೂಪರ್ ಮೆಟ್ರಾಯ್ಡ್’ ಅನ್ನು ನನಗೆ ತೋರಿಸಿದವಳು ನನ್ನ ತಂಗಿಯ ಮಗಳು. ಅದರಲ್ಲಿ ಒಂದು ಆಳವಾದ ಬಾವಿಯಂಥ ಜಾಗವಿದೆ. ಬಿದ್ದರೆ ಹತ್ತಲು ದಾರಿ ಕಾಣದು. ಅಲ್ಲಿ ಮೂರು ಪುಟ್ಟ ಪ್ರಾಣಿಗಳು ಈ ಗೋಡೆಯಿಂದ ಆ ಗೋಡೆಗೆ ಒದ್ದು ಒದ್ದು ಜಿಗಿಯುತ್ತ ಮೇಲೇರುತ್ತವೆ. ಮಾತಿಲ್ಲ, ಬರಹವಿಲ್ಲ. ನೋಡಿ ಕಲಿತರೆ ಕಲಿತೆ. ಸೇಮಸ್‌ಗೆ ಆ ಜಿಗಿತ ಮೊದಲಿನಿಂದಲೂ ಬರುತ್ತಿತ್ತು, ಅದಕ್ಕೆ ಯಾವ ಆಯುಧವೂ ಬೇಕಿರಲಿಲ್ಲ! ಆಡುವವರಿಗೆ ತಿಳಿದಿರಲಿಲ್ಲ, ಅಷ್ಟೆ. ಇದನ್ನು ಕರಗತ ಮಾಡಿಕೊಂಡವರು ಎತ್ತರದ ಕಟ್ಟೆಗಳನ್ನು ಬರಿಗಾಲಿನಲ್ಲೇ ಏರಿ, ಮುಂದೆ ಸಿಗಬೇಕಾದ ಶಕ್ತಿಗಳನ್ನು ಮೊದಲೇ ಪಡೆದರು. ನಾಲ್ವರು ದೊಡ್ಡ ರಾಕ್ಷಸರನ್ನು ಹಿಂದುಮುಂದಾಗಿ, ಕೊನೆಯವನಿಂದ ಮೊದಲುಗೊಂಡು ಗೆದ್ದರು.

‘ಎಲ್ಲ ಬಾಗಿಲೂ ಹೀಗೇ ತೆರೆಯುತ್ತಾ?’ ಎಂದು ಕೇಳಿದೆ. ‘ಇಲ್ಲ ದೊಡ್ಡಮ್ಮ, ಕೆಲವಕ್ಕೆ ಕ್ಷಿಪಣಿ ಬೇಕೇ ಬೇಕು. ಆದ್ರೆ ಕೆಲವು ಬಾಗಿಲೇ ಅಲ್ಲ, ಬರೀ ಎತ್ತರದ ಕಟ್ಟೆ. ಹತ್ತಕ್ಕಾಗಲ್ಲ ಅಂತ ಅವ್ರು ಅಂದ್ಕೊಂಡಿರ್ತಾರೆ’ ಎಂದಳು. ಹೊಗೆಸೊಪ್ಪಿನ ಗಿಡದ ಮುಂದೆ ನಿಂತು ನನಗೆ ಹೊಳೆದದ್ದನ್ನು ಅವಳು ಟೀವಿಯ ಮುಂದೆ ಕೂತು ಹೇಳಿಬಿಟ್ಟಳು. ಯಾವುದು ನಿಜವಾದ ಬೀಗ, ಯಾವುದು ಬರಿಯ ಅಂದಾಜು ಎಂದು ತಿಳಿಯುವುದು ಕಟ್ಟೆಗೆ ನೂರು ಸಲ ಹಾರಿ ನೂರು ಸಲ ಬಿದ್ದವರಿಗೆ. ಸರದಿ ಮುರಿಯುವವರು ಸೋಮಾರಿಗಳಲ್ಲ. ಆಟದ ಒಂದೊಂದು ಕಲ್ಲನ್ನೂ ತಡವಿ ನೋಡಿದವರು, ಮುಮ್ಮಡಿಯವರ ಕುದುರೆಯ ಹಾಗೆ.

‘ಸೀಕ್ವೆನ್ಸ್ ಬ್ರೇಕಿಂಗ್’ ಎಂಬ ಹೆಸರು ರೂಢಿಗೆ ಬಂದದ್ದು 2003ರ ಸುಮಾರಿಗೆ, 2002ರಲ್ಲಿ ಬಂದ ‘ಮೆಟ್ರಾಯ್ಡ್ ಪ್ರೈಮ್’ ಆಟದ ದೆಸೆಯಿಂದ. ಎಷ್ಟೋ ಹೊತ್ತು ಆಡಿದ ಮೇಲೆ ಸಿಗಬೇಕಾದ ಜಿಗಿತದ ಬೂಟುಗಳನ್ನು ಗ್ರಹಕ್ಕೆ ಇಳಿದ ತಕ್ಷಣವೇ ಪಡೆಯುವ ದಾರಿಯನ್ನು ಆಟಗಾರರು ಕಂಡುಹಿಡಿದರು. ಕಟ್ಟಿದವರು ಸುಮ್ಮನಿರಲಿಲ್ಲ. ಆಮೇಲೆ ಹೊರಬಂದ ಡಿಸ್ಕುಗಳಲ್ಲಿ ಇಂಥ ಹಲವು ದಾರಿಗಳನ್ನು ಮುಚ್ಚಿಸಿದರು. ನಮ್ಮಲ್ಲೂ ಯಾರಾದರೂ ಸೊಸೆ ಒಂದು ಕಂಡಿಯಲ್ಲಿ ನುಸುಳಿದಳೆಂದರೆ ಮಾರನೆಯ ದಿನ ಆ ಕಂಡಿಗೆ ಮುಳ್ಳು ಬಡಿಯುತ್ತಾರಲ್ಲ, ಹಾಗೆ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2004ರಲ್ಲಿ ಮೊದಲ ಮೆಟ್ರಾಯ್ಡನ್ನು ಹೊಸದಾಗಿ ಕಟ್ಟಿದ ‘ಝೀರೋ ಮಿಷನ್’ನಲ್ಲಿ ಸರದಿ ಮುರಿಯುವವರಿಗೆಂದೇ ಗುಟ್ಟಿನ ಸಂದುಗಳನ್ನು ಬಿಟ್ಟರು. 2021ರ ‘ಮೆಟ್ರಾಯ್ಡ್ ಡ್ರೆಡ್’ನಲ್ಲಿ ಒಂದು ಶಕ್ತಿಯನ್ನು ಮೊದಲೇ ಗಳಿಸಿ ಬಂದವರು ಮುಂದಿನ ದೊಡ್ಡ ರಾಕ್ಷಸನನ್ನು ಚಿಟಿಕೆಯಲ್ಲಿ ಮುಗಿಸಬಹುದು. ಹೀಗೆ ಬರುವವರೂ ಇರುತ್ತಾರೆಂದು ಕಟ್ಟಿದವರೇ ಅದಕ್ಕೊಂದು ದೃಶ್ಯ ಸಿದ್ಧಮಾಡಿ ಇಟ್ಟಿದ್ದಾರೆ. ಮೊದಲು ಕಳ್ಳದಾರಿ, ಆಮೇಲೆ ಮುಚ್ಚಿದ ದಾರಿ, ಕೊನೆಗೆ ಒಪ್ಪಿದ ದಾರಿ. ಇಪ್ಪತ್ತು ವರ್ಷ ಹಿಡಿಯಿತು.

ಬಾಳಿನಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ನಮ್ಮ ಜಿಲ್ಲೆಯ ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹದಿನಾಲ್ಕಕ್ಕೇ ವಿಧವೆ. ಆ ಕಾಲದ ಪಟದಲ್ಲಿ ಅಂಥ ಹುಡುಗಿಗೆ ಮುಂದಿನ ಮನೆಯೇ ಇರಲಿಲ್ಲ. ಮನೆಯಲ್ಲೇ ಓದು ಕಲಿತ ಆಕೆ 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿ ಪ್ರಕಟಿಸಿದರು. ಬರೆದದ್ದೂ ಅವರೇ, ಪ್ರಕಟಿಸಿದ್ದೂ ಅವರೇ. ಶಾಲೆ, ಕಾಲೇಜು, ಉದ್ಯೋಗ ಎಂಬ ಮೆಟ್ಟಿಲುಗಳಲ್ಲಿ ಒಂದನ್ನೂ ತುಳಿಯದೆ ಪ್ರಕಾಶಕಿಯಾದರು. 1982ರವರೆಗೆ ಬದುಕಿದ್ದ ಅವರನ್ನು ಕನ್ನಡ ಲೋಕ ಬಹುಕಾಲ ಮರೆತೇಬಿಟ್ಟಿತ್ತು. ಸರದಿಯಲ್ಲಿ ಬಾರದವರನ್ನು ಎಣಿಸುವಾಗ ಎಲ್ಲಿ ಕೂರಿಸಬೇಕೆಂದು ಎಣಿಸುವವರಿಗೆ ತಿಳಿಯುವುದಿಲ್ಲ.

ಹಾರನಹಳ್ಳಿಯ ಚಿಕ್ಕಮ್ಮನದು ಇಷ್ಟು ದೊಡ್ಡ ಕಥೆಯಲ್ಲ. ಏಳನೆಯ ತರಗತಿಗೆ ಅವರ ಓದು ನಿಂತಿತು. ಅಕ್ಕನ ಮದುವೆ ಕೂಡಿಬಂದಿರಲಿಲ್ಲ, ತಂಗಿ ಓದಲು ಹೊರಟರೆ ಜನ ಏನೆಂದಾರು ಎಂಬುದು ಕಾರಣ. ಮದುವೆಯಾಗಿ, ಮಕ್ಕಳಾಗಿ, ದೊಡ್ಡ ಮಗಳು ಹೈಸ್ಕೂಲು ಮುಟ್ಟಿದ ಮೇಲೆ ಆಕೆಯ ಪುಸ್ತಕಗಳನ್ನೇ ರಾತ್ರಿ ಓದಿಕೊಂಡು, ಎಂಟು ಒಂಬತ್ತರ ಮೆಟ್ಟಿಲು ತುಳಿಯದೆ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತರು. ಗಣಿತ ಎರಡನೆಯ ಸಲಕ್ಕೆ ದಕ್ಕಿತು. ಆಮೇಲೆ ನಿವೃತ್ತಿಯವರೆಗೂ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟರು. ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದೆಂಬ ನಿಯಮ ಯಾರೂ ಅವರಿಗಾಗಿ ಮಾಡಿದ್ದಲ್ಲ, ಮೊದಲಿನಿಂದಲೂ ಇತ್ತು. ಸೇಮಸ್‌ನ ಜಿಗಿತದಂತೆ, ಹೇಳಿದವರಿರಲಿಲ್ಲ.

ಎಲ್ಲವನ್ನೂ ಹಾರಿಬಿಡಿ ಎಂದು ನಾನು ಹೇಳುತ್ತಿಲ್ಲ. ಚಾಮುಂಡಿಬೆಟ್ಟಕ್ಕೆ ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ, ಸಾವಿರ ಮೆಟ್ಟಿಲು ಕಟ್ಟಿಸಿದರು. ಮೇಲಕ್ಕೆ ಬಸ್ಸಿದೆ, ಕಾರಿದೆ. ಆದರೂ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ, ಬಾಗಿ ಬಾಗಿ ಏರುವುದನ್ನು ನೀವೂ ನೋಡಿದ್ದೀರಿ. ಒಂದನ್ನೂ ಬಿಡುವುದಿಲ್ಲ. ಆ ಸರದಿ ಅವರೇ ಆರಿಸಿಕೊಂಡದ್ದು. ಅದನ್ನು ಮುರಿಯೆಂದು ಹೇಳಲು ನಾನು ಯಾರು? ಗಿಡ ಹಾಕಿದ ಸರದಿಗೆ ಕಾಯೋಣ, ನಾವೇ ಹೊತ್ತ ಸರದಿಯನ್ನು ನಡೆಸೋಣ. ಉಳಿದದ್ದು ಬೇರೆ ಯಾರೋ ಎಳೆದ ಗೀಟು. ಅದರ ಮುಂದೆ ನಿಂತಾಗ, ಇದು ಬಾಗಿಲೋ ಬರಿಯ ಕಟ್ಟೆಯೋ ಎಂದು ಒಮ್ಮೆ ಕೈಯಿಟ್ಟು ನೋಡುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೂ ಇದನ್ನು ಹೇಳಿ. ಬಾವಿಯ ಆ ಪುಟ್ಟ ಪ್ರಾಣಿಗಳಂತೆ, ಹೇಳುವುದಕ್ಕಿಂತ ಒಮ್ಮೆ ಹಾರಿ ತೋರಿಸಿದರೆ ಇನ್ನೂ ಒಳ್ಳೆಯದು.